ಗುಂಗುರು ಕೂದಲು, ಎರಡು ಮೂಲ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಪ್ಪ ಒಂದು ಖಂಡದವರು, ನಮ್ಮಮ್ಮ ಇನ್ನೊಂದು ಖಂಡದವರು. ನನ್ನ ತಲೆ ಮೇಲೆ ಬೆಳೆದದ್ದು ಅಪ್ಪನ ಕಡೆಯ ಗುಂಗುರು, ಮನೆಯಲ್ಲಿದ್ದ ಬಾಚಣಿಗೆ ಅಮ್ಮನ ಕಡೆಯದು. ಇವೆರಡಕ್ಕೂ ಹೊಂದಾಣಿಕೆ ಆಗುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು. ಕೂದಲನ್ನು ನೇರ ಮಾಡಿಸುವುದು ಬಿಟ್ಟ ಮೇಲಂತೂ ಸಿಕ್ಕವರೆಲ್ಲ ಏನಾದರೂ ಕೇಳುತ್ತಲೇ ಇದ್ದಾರೆ. ಕೆಲವರಿಗೆ ಶಾಂಪೂ ಬಗ್ಗೆ ತಿಳಿಯಬೇಕು, ಕೆಲವರಿಗೆ ಮಗುವಿನ ತಲೆ ಬಾಚುವುದು ಹೇಗೆ ಅನ್ನುವುದು, ಇನ್ನು ಕೆಲವರಿಗೆ ನಾನು "ನಿಜವಾಗಿ" ಎಲ್ಲಿಯವಳು ಅನ್ನುವುದು. ಎಲ್ಲವೂ ಒಂದೇ ತಲೆಯ ಸುದ್ದಿ ಆದ್ದರಿಂದ ಉತ್ತರಗಳನ್ನೂ ಒಟ್ಟಿಗೇ ಬರೆದಿಟ್ಟಿದ್ದೇನೆ.

ಕೂದಲು ಗುಂಗುರಾಗುವುದು ಯಾಕೆ?

ಕೂದಲು ಹುಟ್ಟುವ ರೋಮಕೂಪ ನೆಟ್ಟಗಿದ್ದರೆ ಕೂದಲೂ ನೆಟ್ಟಗೆ ಬರುತ್ತದೆ. ಅದು ಚರ್ಮದೊಳಗೆ ಬಾಗಿದ್ದರೆ ಕೂದಲು ಬಾಗಿಯೇ ಹೊರಬರುತ್ತದೆ. ಅಡ್ಡಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರ ಕೂದಲು ಹೆಚ್ಚುಕಡಿಮೆ ಗುಂಡಗೆ, ಬಿಗಿ ಗುಂಗುರು ಚಪ್ಪಟೆಯಾಗಿ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಕೂದಲು ಆಗಿರುವುದು ಕೆರಾಟಿನ್ ಎಂಬ ಪ್ರೋಟೀನಿನಿಂದ. ಅದರ ಎಳೆಗಳನ್ನು ಗಂಧಕದ ಗಟ್ಟಿ ಬಂಧಗಳು ಹಿಡಿದಿರುತ್ತವೆ, ಅವುಗಳ ಜೊತೆಗೆ ಹೈಡ್ರೋಜನ್ನಿನ ಸಡಿಲ ಬಂಧಗಳೂ ಇರುತ್ತವೆ. ನೀರು ಬಿದ್ದ ಕೂಡಲೇ ಸಡಿಲ ಬಂಧಗಳು ಬಿಟ್ಟುಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆ ಇದ್ದಾಗ ಹೇಗೆ ಕೂರಿಸಿದಿರೋ ಒಣಗಿದ ಮೇಲೂ ಹಾಗೇ ಕೂರುವುದು ಇದಕ್ಕೇ. ಒಣಗುತ್ತಿರುವಾಗ ಕೈಯಾಡಿಸಿದರೆ ಕೆದರುವುದೂ ಇದಕ್ಕೇ.

ಒಣಕಲುತನಕ್ಕೆ ಕಾರಣ ಇನ್ನೊಂದು. ತಲೆಯ ಚರ್ಮದಲ್ಲಿ ಹುಟ್ಟುವ ಜಿಡ್ಡು ನೇರ ಕೂದಲ ಮೇಲೆ ಸಲೀಸಾಗಿ ಜಾರಿ ತುದಿ ಮುಟ್ಟುತ್ತದೆ. ಗುಂಗುರಿನ ತಿರುವುಗಳಲ್ಲಿ ಅದು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಬುಡ ಜಿಡ್ಡು, ತುದಿ ಒಣಕಲು. ಮುರಿಯುವುದೂ ಸಾಮಾನ್ಯವಾಗಿ ತಿರುವಿನ ಜಾಗದಲ್ಲೇ.

ಒಂದೇ ತಂದೆ-ತಾಯಿಯ ಮಕ್ಕಳಿಗೆ ಬೇರೆ ಬೇರೆ ಥರದ ಕೂದಲು ಹೇಗೆ ಬರುತ್ತದೆ?

ಕೂದಲಿನ ಆಕಾರ ಒಂದು ಜೀನಿನ ಕೈಯಲ್ಲಿಲ್ಲ, ಹಲವು ಜೀನುಗಳು ಸೇರಿ ತೀರ್ಮಾನಿಸುವ ವಿಷಯ. ಪ್ರತಿ ಮಗುವಿಗೂ ಬೇರೆಯೇ ಪಾಲು ಬರುತ್ತದೆ. ನನ್ನ ತಮ್ಮನ ಕೂದಲು ಬರೀ ಅಲೆ ಅಲೆ, ಬಣ್ಣವೂ ನನಗಿಂತ ಎರಡು ಪಟ್ಟು ತಿಳಿ. "ಇವನು ನಿನ್ನ ಸ್ವಂತ ತಮ್ಮನಾ?" ಅನ್ನುವ ಪ್ರಶ್ನೆ ಕೇಳಿ ಕೇಳಿ ನಾವಿಬ್ಬರೂ ಒಂದು ಉತ್ತರ ಮಾಡಿಟ್ಟುಕೊಂಡಿದ್ದೆವು: "ಅಲ್ಲ, ಬಾಡಿಗೆಗೆ ತಂದಿದ್ದು."

ಒಬ್ಬರದೇ ಕೂದಲು ಕೂಡ ಜೀವನಪೂರ್ತಿ ಒಂದೇ ಥರ ಇರಬೇಕೆಂದಿಲ್ಲ. ಹರೆಯಕ್ಕೆ ಬಂದಾಗ, ಬಸಿರಾದಾಗ, ಕೀಮೋಥೆರಪಿ ಆದ ಮೇಲೆ ಬದಲಾಗಬಹುದು. ಒಂದೇ ತಲೆಯಲ್ಲಿ ಮುಂದೆ ಸಡಿಲ, ಹಿಂದೆ ಬಿಗಿ ಇರುವುದಂತೂ ತೀರಾ ಸಾಮಾನ್ಯ.

ಹಾಗಾದರೆ ಕೂದಲು ನೋಡಿ ಒಬ್ಬರ ಮೂಲ ಹೇಳಬಹುದೇ?

ಹೇಳಬಹುದು ಅಂತ ನಂಬಿದ ಒಂದು ಸರ್ಕಾರವೇ ಇತ್ತು. ದಕ್ಷಿಣ ಆಫ್ರಿಕಾದಲ್ಲಿ 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಪ್ರತಿಯೊಬ್ಬರನ್ನೂ ಒಂದು ಜನಾಂಗದ ಕೆಳಗೆ ಬರೆಸಿತು. ಎಲ್ಲಿ ವಾಸ, ಯಾವ ಶಾಲೆ, ಯಾರ ಜೊತೆ ಮದುವೆ ಎಲ್ಲವೂ ಆ ಒಂದು ಪದದ ಮೇಲೆ. ಅನುಮಾನ ಬಂದವರಿಗೆ ಮಾಡುತ್ತಿದ್ದ ಪರೀಕ್ಷೆಗಳಲ್ಲಿ ಒಂದು ಪೆನ್ಸಿಲ್ಲಿನದು. ಕೂದಲೊಳಗೆ ಪೆನ್ಸಿಲ್ ಸಿಕ್ಕಿಸುವುದು. ಜಾರಿ ಬಿದ್ದರೆ ಬಿಳಿಯರು, ಸಿಕ್ಕಿಕೊಂಡರೆ ಅಲ್ಲ. ಕಪ್ಪು ಜನ ಎಂದು ದಾಖಲಾದವರು "ಕಲರ್ಡ್", ಅಂದರೆ ಮಿಶ್ರ ಮೂಲದವರ ವರ್ಗಕ್ಕೆ ಸೇರಬೇಕೆಂದರೆ ಪೆನ್ಸಿಲ್ ಸಿಕ್ಕಿಸಿಕೊಂಡು, ಅದು ಬೀಳುವಂತೆ ತಲೆ ಅಲ್ಲಾಡಿಸಬೇಕಿತ್ತು. ಒಂದೇ ಮನೆಯ ಅಕ್ಕ-ತಮ್ಮಂದಿರು ಬೇರೆ ಬೇರೆ ಪಟ್ಟಿಗೆ ಬಿದ್ದದ್ದುಂಟು.

1955ರಲ್ಲಿ ಬಿಳಿಯ ತಂದೆ-ತಾಯಿಗೆ ಹುಟ್ಟಿದ ಸಾಂಡ್ರಾ ಲೈಂಗ್ ಅವರನ್ನು ಮೈಬಣ್ಣ ಮತ್ತು ಕೂದಲಿನ ಕಾರಣಕ್ಕೆ 1966ರಲ್ಲಿ ಶಾಲೆಯಿಂದ ಕಳಿಸಲಾಯಿತು. ಆಗ ಆಕೆಗೆ ಇನ್ನೂ ಹತ್ತು ವರ್ಷ. ಸರ್ಕಾರ ಆಕೆಯನ್ನು "ಕಲರ್ಡ್" ಎಂದು ಬರೆಯಿತು, ಮರುವರ್ಷ ಮತ್ತೆ "ಬಿಳಿ" ಎಂದು ತಿದ್ದಿತು. ಹುಡುಗಿ ಅವಳೇ, ಕೂದಲೂ ಅದೇ. ಆ ಕಾಯ್ದೆ ರದ್ದಾದದ್ದು 1991ರಲ್ಲಿ.

ನನ್ನ ತಮ್ಮ, ನಾನು ಆ ಕಾಲದಲ್ಲಿ ಅಲ್ಲಿ ಹುಟ್ಟಿದ್ದರೆ ಅವನ ತಲೆಯಿಂದ ಪೆನ್ಸಿಲ್ ಬೀಳುತ್ತಿತ್ತು, ನನ್ನದರಿಂದ ಬೀಳುತ್ತಿರಲಿಲ್ಲ. ಈಗಲೂ ನಾನು ಬರೆಯುವಾಗ ಪೆನ್ನನ್ನು ಕೂದಲಿಗೆ ಸಿಕ್ಕಿಸಿ ಮರೆತು, ಮನೆಯೆಲ್ಲ ಹುಡುಕುತ್ತೇನೆ. ಅದು ಅಲ್ಲಿಂದ ಕದಲಿರುವುದಿಲ್ಲ.

ವರ್ಷಗಟ್ಟಲೆ ಸ್ಟ್ರೈಟನಿಂಗ್ ಮಾಡಿಸಿದ್ದೇನೆ. ನನ್ನ ಗುಂಗುರು ವಾಪಸ್ ಬರುತ್ತದೆಯೇ?

ಇಸ್ತ್ರಿಯಂಥ ಬಿಸಿ ಯಂತ್ರದಿಂದ ಆಗೊಮ್ಮೆ ಈಗೊಮ್ಮೆ ನೇರ ಮಾಡಿಕೊಂಡಿದ್ದರೆ, ನೀರು ಬಿದ್ದಾಗ ಬಹುಪಾಲು ವಾಪಸ್ ಬರುತ್ತದೆ. ದಿನಾ ಮಾಡಿ ಸುಟ್ಟಿದ್ದರೆ ಬರುವುದಿಲ್ಲ. ರಾಸಾಯನಿಕ ಹಾಕಿಸಿದ್ದರೆ ಆ ಭಾಗದ ಗಂಧಕದ ಬಂಧಗಳೇ ಮುರಿದಿರುತ್ತವೆ. ಯಾವ ಎಣ್ಣೆ, ಯಾವ ಮಾಸ್ಕ್ ಹಚ್ಚಿದರೂ ಅದು ಮತ್ತೆ ಸುರುಳಿಯಾಗದು. ರಿಪೇರಿ ಮಾಡುತ್ತೇವೆ ಅನ್ನುವ ಡಬ್ಬಿಗಳಿಗೆ ದುಡ್ಡು ಸುರಿಯಬೇಡಿ.

ರೋಮಕೂಪ ಮಾತ್ರ ಏನನ್ನೂ ಮರೆತಿರುವುದಿಲ್ಲ. ಹೊಸದಾಗಿ ಬೆಳೆಯುವುದು ಗುಂಗುರಾಗಿಯೇ ಬರುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಹೆಗಲ ಉದ್ದಕ್ಕೆ ಎರಡು-ಮೂರು ವರ್ಷ ಲೆಕ್ಕ ಹಾಕಿ. ದಾರಿ ಎರಡಿದೆ. ಹಳೆಯದನ್ನು ಒಂದೇ ಸಲ ಕತ್ತರಿಸಿ ಹಾಕಬಹುದು, ಇಲ್ಲವೇ ಬೆಳೆದ ಹಾಗೆ ತುದಿಯನ್ನು ಸ್ವಲ್ಪ ಸ್ವಲ್ಪ ತೆಗೆಯುತ್ತ ಬರಬಹುದು. ಎರಡನೆಯದರಲ್ಲಿ ಮೇಲೆ ಸುರುಳಿ, ಕೆಳಗೆ ಕಡ್ಡಿಯಂಥ ನೇರ ಕೂದಲು ಒಟ್ಟಿಗಿರುತ್ತವೆ. ಅವೆರಡೂ ಸೇರುವ ಜಾಗ ತುಂಬ ನಾಜೂಕು, ಅಲ್ಲೇ ಮುರಿಯುತ್ತದೆ. ನಾನು ಹದಿನಾಲ್ಕು ತಿಂಗಳು ಹಾಗೆ ಒದ್ದಾಡಿ ಕೊನೆಗೆ ಒಂದು ರಾತ್ರಿ ಬಚ್ಚಲ ಕನ್ನಡಿ ಮುಂದೆ ಅಡುಗೆಮನೆ ಕತ್ತರಿ ಹಿಡಿದು ನಿಂತೆ. ಬಲಗಡೆ ಗಿಡ್ಡ, ಎಡಗಡೆ ಉದ್ದ. ದಯವಿಟ್ಟು ನೀವು ಹಾಗೆ ಮಾಡಬೇಡಿ, ಗುಂಗುರು ಕತ್ತರಿಸಲು ಬರುವವರ ಹತ್ತಿರ ಹೋಗಿ. ಅವರು ಒದ್ದೆ ಮಾಡಿ ಎಳೆದು ಕತ್ತರಿಸಲು ಹೊರಟರೆ ಮೊದಲೇ ಕೇಳಿ, ಒಣಗಿದಾಗ ಎಷ್ಟು ಮೇಲೆ ಏರುತ್ತದೆ ಅಂತ. ಬಿಗಿ ಗುಂಗುರು ಒಣಗಿದಾಗ ಅರ್ಧಕ್ಕಿಂತ ಗಿಡ್ಡವಾಗಿ ಕಾಣಬಹುದು.

ರಾಸಾಯನಿಕ ಸ್ಟ್ರೈಟನಿಂಗ್ ಅಷ್ಟೊಂದು ಅಪಾಯವೇ?

ಹೆದರಿಸುವುದು ನನಗೆ ಇಷ್ಟವಿಲ್ಲ, ಅಂಕಿ ಹೇಳುತ್ತೇನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೂದಲು ನೇರ ಮಾಡುವ ಉತ್ಪನ್ನ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಶೇ 1.64, ಮೇಲಿಂದ ಮೇಲೆ ಬಳಸುವವರಲ್ಲಿ ಶೇ 4.05. ಮೇಲಿಂದ ಮೇಲೆ ಅಂದರೆ ಅಧ್ಯಯನಕ್ಕೆ ಸೇರುವ ಹಿಂದಿನ ವರ್ಷದಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು. ಇದು ನಂಟನ್ನು ತೋರಿಸಿದೆ, ಕಾರಣವನ್ನು ಸಾಬೀತು ಮಾಡಿಲ್ಲ. ಒಮ್ಮೆ ಮಾಡಿಸಿದ್ದೇನಲ್ಲಾ ಅಂತ ನಿದ್ದೆಗೆಡಬೇಕಾಗಿಲ್ಲ. ಆದರೆ "ಕೆರಾಟಿನ್ ಟ್ರೀಟ್‌ಮೆಂಟ್" ಎಂಬ ಹೆಸರಿನ ಕೆಲವು ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತವೆ, ಅದು ಕ್ಯಾನ್ಸರ್‌ಕಾರಕ ಅನ್ನುವುದರಲ್ಲಿ ಅನುಮಾನವಿಲ್ಲ. ಕಣ್ಣುರಿ ಬಂದರೆ ಎದ್ದು ಹೊರಗೆ ಬನ್ನಿ. ಪಾರ್ಲರಿನವರು ದಿನವಿಡೀ ಅದನ್ನೇ ಉಸಿರಾಡುತ್ತಾರೆ ಅನ್ನುವುದೂ ನೆನಪಿರಲಿ.

ನೋವಿಲ್ಲದೆ ಬಾಚುವುದು ಹೇಗೆ?

ನಮ್ಮಮ್ಮ ಒಣಗಿದ ತಲೆಯನ್ನು ಬುಡದಿಂದ ಬಾಚುತ್ತಿದ್ದರು. ಅವರ ಕೂದಲಿಗೆ ಅದೇ ಸರಿ. ನಾನು ಅವರ ಮೊಣಕಾಲುಗಳ ನಡುವೆ ಕೂತಿರುತ್ತಿದ್ದೆ. ಬಾಚಣಿಗೆ ನೆತ್ತಿಯಿಂದ ಎರಡು ಬೆರಳು ಇಳಿದು ನಿಲ್ಲುತ್ತಿತ್ತು, ಅಮ್ಮ ಎಳೆಯುತ್ತಿದ್ದರು, ನನ್ನ ತಲೆ ಹಿಂದಕ್ಕೆ ಹೋಗುತ್ತಿತ್ತು. ಒಂದು ದಿನ ಟಕ್ ಅಂತ ಸದ್ದಾಯಿತು. ಬಾಚಣಿಗೆಯ ಹಲ್ಲು ಮುರಿದು ಕೂದಲೊಳಗೇ ಉಳಿದಿತ್ತು. ಅದನ್ನು ಹುಡುಕಲು ಅಮ್ಮ ಎಳೆ ಎಳೆಯಾಗಿ ಬೆರಳಿನಿಂದ ಬಿಡಿಸಿದರು. ಅವತ್ತು ನೋಯಲೇ ಇಲ್ಲ. ಅದರ ಅರ್ಥ ಇಬ್ಬರಿಗೂ ಹೊಳೆಯಲಿಲ್ಲ, ಮಾರನೇ ದಿನ ಹೊಸ ಬಾಚಣಿಗೆ ಬಂತು.

ಈಗ ಗೊತ್ತಿರುವುದು ಇಷ್ಟು. ಒಣ ಕೂದಲನ್ನು ಬಾಚಲೇಬೇಡಿ. ಚೆನ್ನಾಗಿ ನೆನೆಸಿ, ಕೈ ತುಂಬ ಕಂಡೀಷನರ್ ಹಚ್ಚಿ, ಕೂದಲು ಜಾರುವ ಹಾಗಾಗಬೇಕು. ತಲೆಯನ್ನು ನಾಲ್ಕು ಭಾಗ ಮಾಡಿ ಮೂರನ್ನು ಕ್ಲಿಪ್ ಹಾಕಿ ಬದಿಗಿಡಿ. ಕೈಯಲ್ಲಿರುವ ಭಾಗವನ್ನು ಗಂಟಿನ ಮೇಲುಗಡೆ ಬಿಗಿಯಾಗಿ ಹಿಡಿದುಕೊಂಡರೆ ಎಳೆತ ಬುಡಕ್ಕೆ ತಾಗುವುದಿಲ್ಲ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ. ಆಮೇಲೆ ತೊಳೆದು, ನೀರು ತೊಟ್ಟಿಕ್ಕುತ್ತಿರುವಾಗಲೇ ಲೀವ್-ಇನ್ ಕ್ರೀಮ್ (ಹಚ್ಚಿ ತೊಳೆಯದೆ ಬಿಡುವಂಥದ್ದು), ಅದರ ಮೇಲೆ ಜೆಲ್. ಟವೆಲ್ಲಿನಿಂದ ಉಜ್ಜದೆ ಹಳೆಯ ಹತ್ತಿ ಟೀ-ಶರ್ಟಿನಲ್ಲಿ ಕೆಳಗಿನಿಂದ ಮೇಲಕ್ಕೆ ಹಿಂಡಿ. ಜೆಲ್ ಒಣಗಿದಾಗ ಕೂದಲು ಗರಿಗರಿ ಅನ್ನುತ್ತದೆ, ಗಾಬರಿಯಾಗಬೇಡಿ. ಪೂರ್ತಿ ಒಣಗಿದ ಮೇಲೆ ಮುಷ್ಟಿಯಲ್ಲಿ ಹಿಚುಕಿದರೆ ಆ ಗಟ್ಟಿ ಪದರ ಒಡೆದು ಒಳಗಿನ ಮೆತ್ತನೆಯ ಸುರುಳಿ ಸಿಗುತ್ತದೆ. ಅಲ್ಲಿಯವರೆಗೆ ಮುಟ್ಟದೆ ಇರುವುದೇ ಕಷ್ಟದ ಕೆಲಸ.

ಮಲಗುವಾಗ ಸ್ಯಾಟಿನ್ ದಿಂಬಿನ ಗವಸು. ಹತ್ತಿ ಬಟ್ಟೆಗೆ ಕೂದಲು ಉಜ್ಜಿ ಸಿಕ್ಕಾಗುತ್ತದೆ.

ಎಣ್ಣೆ ಹಚ್ಚಿದರೆ ಸಾಕಲ್ಲ?

ಸಾಲದು. ಎಣ್ಣೆ ಒಳಗಿರುವ ನೀರನ್ನು ಹಿಡಿದಿಡುತ್ತದೆ, ತಾನೇ ನೀರು ಕೊಡುವುದಿಲ್ಲ. ಒಣ ಕೂದಲಿಗೆ ಎಣ್ಣೆ ಹಚ್ಚಿದರೆ ಅದು ಹೊಳೆಯುವ ಒಣ ಕೂದಲಾಗುತ್ತದೆ, ಅಷ್ಟೇ. ತೆಂಗಿನೆಣ್ಣೆ ಕೂದಲಿನ ಒಳಗೂ ಇಳಿದು ಪ್ರೋಟೀನ್ ನಷ್ಟ ತಡೆಯುತ್ತದೆ, ತಲೆ ತೊಳೆಯುವ ಮುಂಚೆ ಹಚ್ಚಲು ಒಳ್ಳೆಯದು.

3ಬಿ, 4ಸಿ ಅಂತೆಲ್ಲ ಹೇಳುತ್ತಾರಲ್ಲ, ನನ್ನದು ಯಾವುದು?

ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರಿ ಅವರ ಕೇಶವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಜನಪ್ರಿಯ ಮಾಡಿದ ಪಟ್ಟಿ ಅದು. 1 ನೇರ, 2 ಅಲೆ, 3 ಗುಂಗುರು, 4 ಬಿಗಿ ಸುರುಳಿ. ಎ, ಬಿ, ಸಿ ಅಂತ ಹೋದ ಹಾಗೆ ಅದರೊಳಗೇ ಬಿಗಿ ಹೆಚ್ಚುತ್ತದೆ. ಮಾತಾಡಲು ಅನುಕೂಲ, ಆರೈಕೆಗೆ ಅಷ್ಟೇನೂ ಉಪಯೋಗವಿಲ್ಲ. ಕೂದಲು ಎಷ್ಟು ಬೇಗ ನೀರು ಹೀರುತ್ತದೆ, ಎಳೆ ದಪ್ಪವೋ ತೆಳುವೋ ಅನ್ನುವುದು ಹೆಚ್ಚು ಮುಖ್ಯ.

ತಲೆ ತೊಳೆದಾಗ ಕೈ ತುಂಬ ಕೂದಲು ಬರುತ್ತದೆ. ಉದುರುತ್ತಿದೆಯೇ?

ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ. ಗುಂಗುರಿನಲ್ಲಿ ಅವು ಕೆಳಗೆ ಬೀಳದೆ ಸುರುಳಿಗಳಲ್ಲೇ ಸಿಕ್ಕಿಕೊಂಡಿರುತ್ತವೆ, ವಾರಕ್ಕೊಮ್ಮೆ ತೊಳೆದಾಗ ಒಟ್ಟಿಗೆ ಬರುತ್ತವೆ. ಹಣೆಯಂಚು ಹಿಂದೆ ಸರಿಯುತ್ತಿದ್ದರೆ, ಅಲ್ಲಿ ಸಣ್ಣ ಗುಳ್ಳೆಗಳೆದ್ದು ನೋಯುತ್ತಿದ್ದರೆ ಮಾತ್ರ ಎಚ್ಚರವಾಗಿ. ಬಿಗಿಯಾಗಿ ಎಳೆದು ಕಟ್ಟುವುದನ್ನು, ಬಿಗಿ ಸಣ್ಣ ಜಡೆಗಳನ್ನು ಅವತ್ತೇ ಬಿಚ್ಚಿ, ಚರ್ಮದ ವೈದ್ಯರಿಗೆ ತೋರಿಸಿ. ವರ್ಷಗಟ್ಟಲೆ ಎಳೆದರೆ ಆ ಜಾಗದಲ್ಲಿ ಕೂದಲು ಮತ್ತೆ ಬರದೇ ಹೋಗಬಹುದು.

ನನ್ನ ಕೂದಲು ನೇರ, ಮಗುವಿನದು ಗುಂಗುರು. ನನಗೆ ಏನೂ ಗೊತ್ತಿಲ್ಲ, ಎಲ್ಲಿಂದ ಶುರು ಮಾಡಲಿ?

ಬಾಯಿಂದ. ಬಾಚಣಿಗೆ ಆಮೇಲೆ.

ಕನ್ನಡದಲ್ಲಿ "ಮುಂಗುರುಳು" ಅನ್ನುವ ಎಷ್ಟು ಮುದ್ದಾದ ಪದವಿದೆ ನೋಡಿ. ಹಣೆ ಮೇಲೆ ಒಂದೇ ಒಂದು ಸುರುಳಿ ಇಳಿದರೆ ಕವಿಗಳು ಸಾಲುಗಟ್ಟಲೆ ಬರೆಯುತ್ತಾರೆ. ಅದೇ ಸುರುಳಿ ತಲೆತುಂಬ ಇದ್ದರೆ "ಗುಬ್ಬಿ ಗೂಡು", "ಪೊದೆ", "ಏನೇ ಇದು ಅವತಾರ". ನಮ್ಮಮ್ಮ ನನ್ನನ್ನು ಪ್ರಾಣದಂತೆ ನೋಡಿಕೊಂಡವರು. ಆದರೂ ಪ್ರತಿ ಭಾನುವಾರ ನನ್ನ ತಲೆ ಕೈಗೆತ್ತಿಕೊಳ್ಳುವಾಗ ಒಂದು ನಿಟ್ಟುಸಿರು ಬಿಡುತ್ತಿದ್ದರು. ಬೈಗುಳ ಒಂದೂ ನೆನಪಿಲ್ಲ, ಆ ನಿಟ್ಟುಸಿರು ಇವತ್ತಿಗೂ ಕಿವಿಯಲ್ಲಿದೆ. ಮಗುವಿನ ತಲೆ ಮುಟ್ಟುವ ಮುಂಚೆ ನೀವು ಉಸಿರನ್ನು ಹಿಡಿದುಕೊಳ್ಳಿ, ಸಾಕು.

ಎರಡನೆಯದು, ಅದೇ ಥರದ ಕೂದಲಿರುವ ದೊಡ್ಡವರು ಮಗುವಿನ ಕಣ್ಣಿಗೆ ಬೀಳಬೇಕು. ಬೊಂಬೆ, ಚಿತ್ರ ಎಲ್ಲ ಸರಿ, ಆದರೆ ಬದುಕಿರುವ ಮನುಷ್ಯರೇ ಬೇರೆ. ನನಗೆ ಎಂಟು ವರ್ಷವಿದ್ದಾಗ ಅಪ್ಪನ ತಂಗಿ ಬಂದು ಎರಡು ವಾರ ನಮ್ಮ ಜೊತೆಗಿದ್ದರು. ಅತ್ತೆ ಬೆಳಿಗ್ಗೆ ಎದ್ದು, ಕೈಗೆ ನೀರು ಚಿಮುಕಿಸಿಕೊಂಡು, ತಲೆಯನ್ನು ನಾಲ್ಕು ಸಲ ಒತ್ತಿ ಹೊರಟುಬಿಡುತ್ತಿದ್ದರು. ಐದು ನಿಮಿಷದ ಕೆಲಸ, ಅಳುವಿಲ್ಲ, ನಿಟ್ಟುಸಿರಿಲ್ಲ. ಆ ಥರವೂ ಇರಬಹುದು ಅಂತ ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಇನ್ನೊಂದು ಕಡೆಯ ನೆಂಟರ ಜೊತೆ ಒಡನಾಟವಿದ್ದರೆ ಅವರನ್ನೇ ಕೇಳಿ, ಸಂಕೋಚ ಬೇಡ. ದತ್ತು ಮಗುವಾಗಿದ್ದು ಅಂಥ ನೆಂಟರಿಲ್ಲದಿದ್ದರೆ, ಅಂಥ ಕೂದಲಿರುವ ಮಕ್ಕಳ ತಾಯಂದಿರನ್ನು ಕೇಳಿ ಕಲಿಯಿರಿ.

ಮಗುವಿಗೆ ಏಳೆಂಟು ವರ್ಷವಾದಾಗ ಸ್ಪ್ರೇ ಬಾಟಲಿ ಅದರ ಕೈಗೇ ಕೊಡಿ.

"ಕೂದಲು ನೀಟಾಗಿ ಇಟ್ಟುಕೊಂಡು ಬಾ" ಅಂತ ಶಾಲೆಯಲ್ಲೋ ಕೆಲಸದಲ್ಲೋ ಹೇಳಿದರೆ?

ನೀಟು ಅಂದರೆ ಏನು ಅಂತ ಬರವಣಿಗೆಯಲ್ಲಿ ಕೇಳಿ. ಶುಚಿ ಬೇಕೋ, ಕಣ್ಣಿನ ಮೇಲೆ ಇಳಿಯದಂತೆ ಕಟ್ಟಬೇಕೋ, ನೇರವಾಗಿರಬೇಕೋ? ಮೊದಲೆರಡು ನಿಯಮ ಎಲ್ಲರಿಗೂ ಒಂದೇ. ಮೂರನೆಯದು ಕೆಲವರ ತಲೆಗೆ ಮಾತ್ರ ಹೊರೆ.

ಈ ಹೊರೆ ಹೊಸದಲ್ಲ. 1786ರಲ್ಲಿ ಸ್ಪೇನಿನ ಆಡಳಿತದಲ್ಲಿದ್ದ ಲೂಸಿಯಾನದ (ಈಗ ಅಮೆರಿಕದ ಭಾಗ) ಗವರ್ನರ್ ಎಸ್ತೆಬಾನ್ ಮಿರೊ, ಆಫ್ರಿಕನ್ ಮತ್ತು ಮಿಶ್ರ ಮೂಲದ ಸ್ವತಂತ್ರ ಮಹಿಳೆಯರು ಕೂದಲನ್ನು ಸಿಂಗರಿಸಬಾರದು, ಬಟ್ಟೆ ಕಟ್ಟಿಕೊಳ್ಳಬೇಕು ಎಂದು ಆಜ್ಞೆ ಹೊರಡಿಸಿದ. ಅವರ ತಲೆಗಳ ಅಂದ ಕಣ್ಣು ಕುಕ್ಕುತ್ತಿತ್ತು. ಆ ಹೆಂಗಸರು ಕಟ್ಟಿಕೊಂಡರು ನಿಜ, ಕಣ್ಣು ಕೋರೈಸುವ ಬಣ್ಣದ ಬಟ್ಟೆಗಳನ್ನು ಥರಾವರಿ ಗಂಟು ಹಾಕಿ. ಅದೇ ಫ್ಯಾಷನ್ ಆಯಿತು. ನನಗೆ ಇತಿಹಾಸದಲ್ಲಿ ತುಂಬ ಇಷ್ಟವಾದ ಜಾಣತನಗಳಲ್ಲಿ ಇದೊಂದು.

ಇತ್ತೀಚಿನದು ನೋಡಿ. 2016ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ, ಡ್ರೆಡ್‌ಲಾಕ್ (ಜಟೆಯಂಥ ಎಳೆಗಳು) ಇದ್ದ ಕಾರಣಕ್ಕೆ ಕೆಲಸ ನಿರಾಕರಿಸುವುದು ಜನಾಂಗೀಯ ತಾರತಮ್ಯವಲ್ಲ ಎಂದಿತು. ಕೂದಲಿನ ಶೈಲಿ ಬದಲಿಸಬಹುದಾದದ್ದು ಅನ್ನುವುದು ಅದರ ತರ್ಕ. ಈ ಬಿರುಕನ್ನು ಮುಚ್ಚಲು ಕ್ಯಾಲಿಫೋರ್ನಿಯಾ 2019ರಲ್ಲಿ ಕ್ರೌನ್ ಕಾಯ್ದೆ ತಂದಿತು, ಸಹಜ ಕೂದಲು ಮತ್ತು ಅದಕ್ಕೆ ಹೊಂದುವ ಹೆಣಿಗೆಗಳಿಗೆ ರಕ್ಷಣೆ ಸಿಕ್ಕಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅಂಥ ಕಾನೂನು ಮಾಡಿವೆ.

"ನಿನಗೆ ಯಾವ ಕಡೆ ಜಾಸ್ತಿ?" ಅಂತ ಕೇಳಿದರೆ ಏನು ಹೇಳಲಿ?

ಕೇಳಿದವರು ಯಾರು ಅನ್ನುವುದರ ಮೇಲೆ. ಸ್ನೇಹಿತರಾದರೆ ಕತೆ ಹೇಳುತ್ತೇನೆ, ಲಿಫ್ಟಿನಲ್ಲಿ ಸಿಕ್ಕವರಾದರೆ "ಐದನೇ ಮಹಡಿ" ಅನ್ನುತ್ತೇನೆ.

ಅರ್ಧ, ಕಾಲು ಅನ್ನುವ ಲೆಕ್ಕ ನನಗೆ ಹಿಡಿಸುವುದಿಲ್ಲ. ಅಮ್ಮನ ಭಾಷೆಯಲ್ಲಿ ಕನಸು ಕಾಣುತ್ತೇನೆ, ಅಪ್ಪನ ಹಾಗೆ ಸೀನುತ್ತೇನೆ, ಇದರಲ್ಲಿ ಅರ್ಧ ಯಾವುದು? ಕೆಲವು ದಿನ ಒಂದು ಕಡೆ ಹೆಚ್ಚು ಅನ್ನಿಸುತ್ತದೆ, ಅದಕ್ಕೆ ಯಾರಿಗೂ ವರದಿ ಒಪ್ಪಿಸಬೇಕಾಗಿಲ್ಲ. "ಬೆರಕೆ" ಅನ್ನುವ ಪದ ಹಾಲಿಗೆ ನೀರು ಹಾಕಿದವರ ಬಗ್ಗೆ ಇರಲಿ, ಮನುಷ್ಯರಿಗೆ ಬೇಡ.

ಜನಾಂಗ ಯಾವುದು ಎಂದು ಕೇಳುವ ಅರ್ಜಿಯ ಚೌಕಗಳ ವಿಷಯದಲ್ಲಿ ಸರ್ಕಾರಗಳೇ ನಿಧಾನವಾಗಿ ಬುದ್ಧಿ ಕಲಿತಿವೆ. ಅಮೆರಿಕದಲ್ಲಿ ಬಿಳಿಯರು ಬೇರೆ ಜನಾಂಗದವರನ್ನು ಮದುವೆಯಾಗದಂತೆ ತಡೆಯುತ್ತಿದ್ದ ರಾಜ್ಯಗಳ ಕಾನೂನುಗಳು ಬಿದ್ದದ್ದು 1967ರ ಜೂನ್ 12ರಂದು, ಲವಿಂಗ್ ದಂಪತಿಯ ಮೊಕದ್ದಮೆಯಲ್ಲಿ. ಅವರ ಹೆಸರೇ ಲವಿಂಗ್, ನಾನು ಕಟ್ಟಿದ್ದಲ್ಲ. ಅಲ್ಲಿನ ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಚೌಕಕ್ಕೆ ಗುರುತು ಹಾಕಲು ಅವಕಾಶ ಸಿಕ್ಕಿದ್ದು 2000ದಲ್ಲಿ, ಆಗ 68 ಲಕ್ಷ ಜನ ಹಾಕಿದರು. 2020ರಲ್ಲಿ 3 ಕೋಟಿ 38 ಲಕ್ಷ. ಎಣಿಸುವ ವಿಧಾನ ಬದಲಾದದ್ದೂ ಆ ಏರಿಕೆಗೆ ಒಂದು ಕಾರಣ. ಇಂಗ್ಲೆಂಡ್ ಮತ್ತು ವೇಲ್ಸ್ "ಮಿಶ್ರ" ಎಂಬ ವಿಭಾಗ ಸೇರಿಸಿದ್ದು 2001ರಲ್ಲಿ. ಒಂದೇ ಚೌಕಕ್ಕೆ ಗುರುತು ಹಾಕಿ ಅನ್ನುವ ಅರ್ಜಿ ಬಂದರೆ ನಾನು ಎರಡರ ನಡುವಿನ ಗೆರೆಯ ಮೇಲೆ ಗುರುತು ಹಾಕುತ್ತೇನೆ. ವಾಪಸ್ ಬಂದದ್ದೂ ಇದೆ.

ನನ್ನದು ಸಡಿಲ ಗುಂಗುರು. "ನಿನಗೇನಮ್ಮ, ನಿನ್ನದು ಒಳ್ಳೆ ಕೂದಲು" ಅನ್ನುತ್ತಾರೆ. ಬೇಜಾರಾಗಬೇಕೇ, ಖುಷಿಪಡಬೇಕೇ?

ಈ ಮಾತಿನ ಹಿಂದಿನ ನೋವನ್ನು ಕೇಳಿಸಿಕೊಳ್ಳಬೇಕು. "ಒಳ್ಳೆ ಕೂದಲು" ಅಂದರೆ ನೇರಕ್ಕೆ ಹತ್ತಿರವಾದದ್ದು ಅನ್ನುವ ಅಳತೆ ಗುಲಾಮಗಿರಿಯ ಕಾಲದಿಂದ ಬಂದದ್ದು. ಸಹಜ ಕೂದಲನ್ನು ಹಾಗೇ ಬಿಡುವ ಹೋರಾಟ ಕಟ್ಟಿದವರು ಬಿಗಿ ಸುರುಳಿಯ ಕಪ್ಪು ಹೆಂಗಸರು. ಜಾಹೀರಾತಿನ ಬಾಟಲಿ ಮೇಲೆ ಮುಖ ಬಂದದ್ದು ಬಹುಪಾಲು ನಮ್ಮಂಥ ತಿಳಿ ಬಣ್ಣದ, ಸಡಿಲ ಸುರುಳಿಯವರದು. ಇದನ್ನು ಒಪ್ಪಿಕೊಳ್ಳುವುದರಿಂದ ನಮ್ಮ ಕೂದಲೇನೂ ಉದುರುವುದಿಲ್ಲ. ಹಾಗೆಂದು ನಾಚಿಕೆಪಡುವುದೂ ಬೇಡ. ಯಾರಾದರೂ "ಒಳ್ಳೆ ಕೂದಲು" ಅಂದಾಗ, ಪಕ್ಕದಲ್ಲಿ ಬಿಗಿ ಸುರುಳಿಯ ಮಗುವಿದ್ದರೆ, ನಕ್ಕು ಸುಮ್ಮನಾಗಬೇಡಿ. ಅದು ಕೇಳಿಸಿಕೊಳ್ಳುತ್ತಿರುತ್ತದೆ.

ಒಮ್ಮೊಮ್ಮೆ ನೇರ ಮಾಡಿಕೊಂಡರೆ ನನ್ನ ಮೂಲಕ್ಕೆ ದ್ರೋಹವೇ?

ಅಲ್ಲ. ಬಿಸಿ ಸ್ವಲ್ಪ ಕಡಿಮೆ ಇಡಿ, 180 ಡಿಗ್ರಿ ಸೆಲ್ಸಿಯಸ್ ದಾಟದಿರಲಿ.

ನಿಮ್ಮ ಕೂದಲು ಮುಟ್ಟಬಹುದಾ?

ಕೇಳಿದ್ದಕ್ಕೆ ಥ್ಯಾಂಕ್ಸ್. ಬೇಡ.

ನಿಮ್ಮಮ್ಮ ಈಗ ಏನನ್ನುತ್ತಾರೆ?

ಅಮ್ಮನಿಗೆ ಎಪ್ಪತ್ತು ದಾಟಿದೆ. ತಮ್ಮನ ಮಗಳಿಗೆ ನನ್ನ ಕೂದಲೇ ಬಂದಿದೆ, ಅವನದಲ್ಲ. ರಜೆಯಲ್ಲಿ ಅವಳು ಬಂದಾಗ ಅಮ್ಮ ಸ್ಪ್ರೇ ಬಾಟಲಿ, ಕಂಡೀಷನರ್, ನಾಲ್ಕು ಕ್ಲಿಪ್ ಎಲ್ಲ ಸಾಲಾಗಿಟ್ಟುಕೊಂಡು ಕೂರುತ್ತಾರೆ, ಮೊಮ್ಮಗಳು ಅವರ ಮೊಣಕಾಲುಗಳ ನಡುವೆ. ಕಳೆದ ಸಲ ನಾನು ಬಾಗಿಲಲ್ಲಿ ನಿಂತು "ತುದಿಯಿಂದ ಬಿಡಿಸಮ್ಮಾ" ಅಂದೆ.

"ಗೊತ್ತು ಕಣೇ," ಅಂದರು ತಲೆಯೆತ್ತದೆ. "ನಾನೇ ಅಲ್ವೇನೇ ನಿಂಗೆ ಹೇಳ್ಕೊಟ್ಟಿದ್ದು."

ಹೇಳಿಕೊಟ್ಟಿರಲಿಲ್ಲ. ನಾನು ಸುಮ್ಮನೆ ಹೋಗಿ ಟೀ-ಶರ್ಟ್ ತಂದುಕೊಟ್ಟೆ.